ಸದ್ದಿನೊಳಗಿನ ಸುದ್ದಿ

(ಭೇರ್ಯದಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)





ಇವತ್ತು ವಿಜ್ಞಾನದ ಒಂದು ವಿಷಯದ ಮೇಲೆ ಮಾತನಾಡಬೇಕೆಂದು ನಾನೇ ಕೇಳಿಕೊಂಡೆ. ಉರ್ದು, ಕನ್ನಡ ಪಾಠ ಮಾಡುವ ಟೀಚರಿಗೆ ವಿಜ್ಞಾನ ಏಕೆ ಎಂದು ಕಾರ್ಯದರ್ಶಿಗಳು ನಕ್ಕರು. ನಗಲಿ. ಭಾಷೆ ಕಲಿಸುವವರ ಕೆಲಸವೂ ಸದ್ದಿನದೇ ಅಲ್ಲವೇ? ನಾವು ನಿಂತಿರುವ ಊರಿನ ಹೆಸರಿನ ಮೂಲ ಏನೇ ಇರಲಿ, 'ಭೇರ್ಯ' ಎಂದಾಗ ನನ್ನ ಕಿವಿಗೆ ಮೊದಲು ಕೇಳಿಸುವುದು 'ಭೇರಿ'. ಭೇರಿಯೆಂದರೆ ಬಿಗಿಯಾಗಿ ಎಳೆದು ಕಟ್ಟಿದ ಚರ್ಮ. ಅದರ ಮೇಲೆ ಕೋಲು ಬಿದ್ದರೆ ಚರ್ಮ ಅದುರುತ್ತದೆ, ಅದುರಿದರೆ ಸದ್ದು ಬರುತ್ತದೆ. ಕೋಲಿನ ಬದಲು ಗಾಳಿಯೇ ಹೊಡೆದರೆ? ಚರ್ಮದ ಬದಲು ತಗಡಿನ ಸೂರು ಇದ್ದರೆ? ನನ್ನ ಇಂದಿನ ಮಾತು ಅಷ್ಟೇ: ಹರಿಯುವ ಗಾಳಿ, ಹರಿಯುವ ನೀರು ಏಕೆ ವಸ್ತುಗಳನ್ನು ನಡುಗಿಸುತ್ತವೆ, ಆ ನಡುಕದ ಸದ್ದು ನಮಗೆ ಏನು ಹೇಳುತ್ತದೆ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಬಿ.ಎಡ್. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಎರಡು ಕೋಣೆಗಳಿಗೆ ಜಿಂಕ್ ಶೀಟಿನ ಸೂರು. ಆಷಾಢ ಬಂದರೆ ಆ ಸೂರಿನ ಕಥೆ ಕೇಳಬೇಡಿ. ನಾನು ಪದ್ಯ ಓದುವುದು, ಮೇಲೆ ಶೀಟು ಪಟಪಟ ಹೊಡೆದುಕೊಳ್ಳುವುದು, ನಾನು ಇನ್ನೂ ಜೋರಾಗಿ ಓದುವುದು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಟೀಚರ್, ಗಾಳಿ ಒಂದೇ ಸಮ ಬೀಸ್ತಾ ಐತೆ. ಶೀಟು ಮಾತ್ರ ಯಾಕೆ ಬಿಟ್ಟು ಬಿಟ್ಟು ಹೊಡ್ಕೊಳ್ಳುತ್ತೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. "ಪಾಠದ ಕಡೆ ಗಮನ ಕೊಡೋ, ಕೂತ್ಕೋ" ಎಂದು ಗದರಿಸಿ ಕೂರಿಸಿದೆ. ಅದೇ ತಿಂಗಳ ಕೊನೆಯಲ್ಲಿ ಒಂದು ರಾತ್ರಿ ಆ ಶೀಟು ಕಿತ್ತುಕೊಂಡು ಕೆಳಗೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಅದರ ಚೂಪಾದ ಅಂಚು ಹಿಂದಿನ ಬೆಂಚಿನ ಮೇಲೆಯೇ ಕುಳಿತಿತ್ತು. ರಾತ್ರಿಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಅಲ್ಹಮ್ದುಲಿಲ್ಲಾಹ್. ರಿಪೇರಿಗೆ ಬಂದ ವೆಲ್ಡಿಂಗ್ ಅಂಗಡಿಯವರು ಬೋಲ್ಟಿನ ತೂತನ್ನು ತೋರಿಸಿದರು. ಮೊದಲು ಗುಂಡಗಿದ್ದ ತೂತು ಉದ್ದಕ್ಕೆ ಹರಿದು ಬಾಯಿ ಬಿಟ್ಟಿತ್ತು. "ಸದ್ದು ಶುರುವಾದಾಗಲೇ ಹೇಳ್ಬೇಕಿತ್ತು ಮೇಡಂ. ಶೀಟು ಒಂದೇ ದಿನಕ್ಕೆ ಹಾರಲ್ಲ" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಶೀಟು ಒಂದು ತಿಂಗಳಿಂದ ಸುದ್ದಿ ಹೇಳುತ್ತಿತ್ತು. ನಾನು ಅದನ್ನು ಬರೀ ಸದ್ದು ಎಂದುಕೊಂಡಿದ್ದೆ. ಕೇಳಿಸಿಕೊಂಡವನೊಬ್ಬನೇ, ಅವನ ಬಾಯಿಯನ್ನೂ ನಾನೇ ಮುಚ್ಚಿಸಿದ್ದೆ.

ಆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕಲು ಆಮೇಲೆ ನಾನು ಪುಸ್ತಕಗಳನ್ನು ಓದಿದೆ, ಹೈಸ್ಕೂಲಿನ ವಿಜ್ಞಾನ ಮಾಸ್ತರರನ್ನು ಕಾಡಿದೆ. ಕಂಡುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಗಾಳಿ ಒಂದೇ ಸಮ ಬೀಸುತ್ತದೆಯೇ? ನಮ್ಮ ಕೆನ್ನೆಗೆ ಹಾಗೆ ಅನ್ನಿಸುತ್ತದೆ, ಅಷ್ಟೇ. ಮನೆಯ ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ ನೋಡಿ. ನೀರು ಗಾಜಿನ ಕಡ್ಡಿಯಂತೆ ಅಲುಗದೆ ಇಳಿಯುತ್ತದೆ. ಇದು ಶಾಂತ ಹರಿವು. ಇನ್ನಷ್ಟು ತಿರುಗಿಸಿ. ಕಡ್ಡಿ ಒಡೆದು, ಒರಟಾಗಿ, ಬುಸುಗುಟ್ಟುತ್ತದೆ. ಇದು ಪ್ರಕ್ಷುಬ್ಧ ಹರಿವು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ಪ್ರೊಫೆಸರು 1883ರಲ್ಲಿ ಇದನ್ನೇ ಗಾಜಿನ ಕೊಳವೆಯಲ್ಲಿ ಬಣ್ಣದ ನೀರು ಬಿಟ್ಟು ತೋರಿಸಿದರು. ನಿಧಾನವಾಗಿ ಹರಿಯುವಾಗ ಬಣ್ಣ ನೂಲಿನಂತೆ ನೇರ ಹೋಯಿತು. ವೇಗ ಹೆಚ್ಚಿದಾಗ ನೂಲು ಸಿಕ್ಕುಸಿಕ್ಕಾಗಿ ಕೊಳವೆಯನ್ನೆಲ್ಲ ತುಂಬಿತು. ಹರಿಯುವ ವಸ್ತುವಿನ ವೇಗವನ್ನು ಕೊಳವೆಯ ಅಗಲದಿಂದ ಗುಣಿಸಿ, ಆ ವಸ್ತುವಿನ ಅಂಟುತನದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದಕ್ಕೆ ರೆನಾಲ್ಡ್ಸ್ ಸಂಖ್ಯೆ ಎಂದು ಹೆಸರು. ಕೊಳವೆಯಲ್ಲಿ ಅದು ಸುಮಾರು 2,000 ದಾಟಿದ ಮೇಲೆ ಹರಿವಿನ ಶಾಂತಿ ಕೆಡತೊಡಗುತ್ತದೆ.

ಪ್ರಕ್ಷುಬ್ಧ ಹರಿವಿನೊಳಗೆ ಇರುವುದೆಲ್ಲ ಸುಳಿಗಳು. 'ಸುಳಿ' ನಮಗೆ ಹೊಸ ಪದವಲ್ಲ. ಉರ್ದುವಿನಲ್ಲಿ 'ಭಂವರ್' ಎನ್ನುತ್ತೇವೆ, ಶಾಯರರು 'ಗಿರ್ದಾಬ್' ಎನ್ನುತ್ತಾರೆ. ಕಾವೇರಿಯಲ್ಲಿ ಈಜಲು ಹೋಗುವ ಮಕ್ಕಳಿಗೆ ತಾಯಂದಿರು ಮೊದಲು ಹೇಳುವ ಎಚ್ಚರಿಕೆಯೇ ಸುಳಿಯದು. ಗಾಳಿಯಲ್ಲೂ ಅಂಥವೇ ಸುಳಿಗಳಿವೆ, ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಸುಳಿ ಒಡೆದು ಸಣ್ಣ ಸುಳಿಗಳಾಗುತ್ತವೆ, ಅವು ಒಡೆದು ಇನ್ನೂ ಸಣ್ಣವಾಗುತ್ತವೆ. ಪ್ರತಿಯೊಂದು ಸುಳಿಯೂ ಹಾದು ಹೋಗುವಾಗ ತಾನು ಮುಟ್ಟಿದ ಗೋಡೆಯನ್ನೋ ತಗಡನ್ನೋ ಒಮ್ಮೆ ಒತ್ತುತ್ತದೆ, ಒಮ್ಮೆ ಎಳೆಯುತ್ತದೆ. ಒಂದು ದಫ್‌ನ ಮೇಲೆ ಸಾವಿರ ಬೆರಳುಗಳು ತಾಳವಿಲ್ಲದೆ ಬಡಿದ ಹಾಗೆ. ಗಾಳಿಯ ವೇಗ ಎರಡು ಪಟ್ಟಾದರೆ ಆ ಒತ್ತುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ.

ಇನ್ನು ಏಟು ತಿನ್ನುವ ವಸ್ತುವಿನ ಮಾತು. ಬಾಗಿಸಿದರೆ ಬಾಗಿ, ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುವ ಗುಣಕ್ಕೆ ಸ್ಥಿತಿಸ್ಥಾಪಕತೆ ಎನ್ನುತ್ತಾರೆ. ರಬ್ಬರಿಗೆ ಮಾತ್ರ ಈ ಗುಣ ಎಂದು ತಿಳಿಯಬೇಡಿ. ಕಬ್ಬಿಣ, ಗಾಜು, ಕಲ್ಲು ಎಲ್ಲಕ್ಕೂ ಸ್ವಲ್ಪವಾದರೂ ಇದೆ. ಹೀಗೆ ಮರಳುವ ವಸ್ತುವಿಗೆ ತನ್ನದೇ ಒಂದು ಲಯವಿರುತ್ತದೆ. ಜೋಕಾಲಿಯನ್ನು ಯಾರು ತೂಗಿದರೂ ಅದು ತನ್ನ ಲಯದಲ್ಲೇ ತೂಗುತ್ತದಲ್ಲ, ಹಾಗೆ. ಇದು ಅದರ ಸ್ವಾಭಾವಿಕ ಆವೃತ್ತಿ. ಸಾವಿರ ಬೆರಳುಗಳ ಬಡಿತದಲ್ಲಿ ತನ್ನ ಲಯಕ್ಕೆ ಹೊಂದುವ ಬಡಿತಗಳನ್ನೇ ಶೀಟು ಆರಿಸಿಕೊಳ್ಳುತ್ತದೆ, ಉಳಿದವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಆದ್ದರಿಂದಲೇ ಗಾಳಿ ಗೊಂದಲದಲ್ಲಿದ್ದರೂ ಶೀಟಿನ ಸದ್ದಿಗೆ ಒಂದು ತಾಳ ಬರುತ್ತದೆ. ಹುಡುಗನ ಪ್ರಶ್ನೆಗೆ ಇದು ಮೊದಲ ಉತ್ತರ.

ನಮ್ಮ ಚುಂಚನಕಟ್ಟೆಗೆ ನೀವೆಲ್ಲ ಹೋಗಿದ್ದೀರಿ. ಕಾವೇರಿ ಅಲ್ಲಿ ಸುಮಾರು 20 ಮೀಟರ್ ಎತ್ತರದಿಂದ ಧುಮುಕುತ್ತಾಳೆ. ಮಳೆಗಾಲದಲ್ಲಿ ಪಕ್ಕದಲ್ಲಿರುವವರ ಮಾತೂ ಕೇಳಿಸುವುದಿಲ್ಲ. ದಂಡೆಯ ಮೇಲಿನ ಶ್ರೀರಾಮ ದೇವಸ್ಥಾನದ ಗರ್ಭಗುಡಿಯಲ್ಲಿ ಮಾತ್ರ ಆ ಸದ್ದು ಕೇಳಿಸುವುದಿಲ್ಲ ಎಂದು ನಮ್ಮ ಸೀಮೆಯ ಜನ ಹೇಳುತ್ತಾರೆ. ಅದರ ಹಿಂದಿನ ನಂಬಿಕೆ ಭಕ್ತರದು, ಅದನ್ನು ನಾನು ಮುಟ್ಟುವುದಿಲ್ಲ. ದಪ್ಪ ಕಲ್ಲಿನ ಗೋಡೆಯ ಗುಣವನ್ನಷ್ಟೇ ಹೇಳುತ್ತೇನೆ. ಭಾರವಾದ ಕಲ್ಲನ್ನು ಸದ್ದಿನ ಸಣ್ಣ ಒತ್ತಡ ಅಲುಗಿಸಲಾರದು. ಅಲುಗದ ಗೋಡೆ ಆಚೆಯ ಸದ್ದನ್ನು ಈಚೆಗೆ ದಾಟಿಸುವುದೂ ಕಡಿಮೆ. ತೆಳ್ಳಗಿನ ತಗಡು ಹಾಗಲ್ಲ. ತಾನೂ ನಡುಗುತ್ತದೆ, ಕೋಣೆಯೊಳಗಿನ ಗಾಳಿಯನ್ನೂ ನಡುಗಿಸುತ್ತದೆ.

ಎರಡನೆಯ ಉತ್ತರ ತಂತಿಯಲ್ಲಿದೆ. ಬಟ್ಟೆ ಒಣಹಾಕುವ ತಂತಿ ಗಾಳಿಗೆ ಹಾಡುವುದನ್ನು ಕೇಳಿದ್ದೀರಿ. ಚೆಕ್ ವಿಜ್ಞಾನಿ ಸ್ಟ್ರೌಹಾಲ್ 1878ರಲ್ಲಿ ಈ ಹಾಡಿನ ಲೆಕ್ಕ ಹಿಡಿದರು. ಗಾಳಿ ತಂತಿಯನ್ನು ದಾಟುವಾಗ ಅದರ ಬೆನ್ನ ಹಿಂದೆ ಒಂದು ಸುಳಿ ಮೇಲಿಂದ, ಒಂದು ಸುಳಿ ಕೆಳಗಿಂದ, ಹೀಗೆ ಸರದಿಯಂತೆ ಕಳಚಿಕೊಳ್ಳುತ್ತವೆ. ತಂತಿ ಮೇಲೆ ಕೆಳಗೆ ಜಗ್ಗುತ್ತದೆ. ಲೆಕ್ಕ ಸುಲಭ. ಗಾಳಿಯ ವೇಗವನ್ನು ತಂತಿಯ ದಪ್ಪದಿಂದ ಭಾಗಿಸಿ, ಬಂದದ್ದರಲ್ಲಿ ಐದನೇ ಒಂದು ಭಾಗ ತೆಗೆದುಕೊಳ್ಳಿ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ, 2 ಮಿಲಿಮೀಟರ್ ದಪ್ಪದ ತಂತಿ. ಸೆಕೆಂಡಿಗೆ 500 ಜೋಡಿ ಸುಳಿಗಳು. ಆದ್ದರಿಂದ ತಂತಿ 500 ಹರ್ಟ್ಸ್‌ನ ಸ್ವರ ಹಿಡಿಯುತ್ತದೆ. ಅದೇ ಗಾಳಿ 25 ಮಿಲಿಮೀಟರ್ ದಪ್ಪದ ವಿದ್ಯುತ್ ತಂತಿಗೆ ಬಡಿದರೆ ಬರೀ 40. ಗಾಳಿಯಲ್ಲಿ ಗೊಂದಲ ಇರಲೇಬೇಕೆಂದಿಲ್ಲ. ಒಂದೇ ಸಮ ಬಂದ ಗಾಳಿಯೂ ಅಡ್ಡ ಬಂದ ವಸ್ತುವನ್ನು ದಾಟುವಾಗ ತಾನೇ ಸುಳಿಯಾಗಿ ಬಿಟ್ಟು ಬಿಟ್ಟು ಹೊಡೆಯುತ್ತದೆ.

ಹೊಲದ ಮೇಲೆ ಹಾದು ಹೋಗುವ ಹೈಟೆನ್ಷನ್ ಲೈನುಗಳನ್ನು ತಲೆಯೆತ್ತಿ ನೋಡಿ. ಟವರಿನ ಹತ್ತಿರ ತಂತಿಗೆ ಸಣ್ಣ ಡಂಬೆಲ್ಲಿನಂಥ ತೂಕಗಳನ್ನು ನೇತುಹಾಕಿರುತ್ತಾರೆ. ಅವು ಅಲಂಕಾರಕ್ಕಲ್ಲ. ಅಮೆರಿಕದ ಜಾರ್ಜ್ ಸ್ಟಾಕ್‌ಬ್ರಿಡ್ಜ್ ಎಂಬ ಎಂಜಿನಿಯರು 1920ರ ದಶಕದಲ್ಲಿ ಅದನ್ನು ರೂಪಿಸಿದರು. ತಂತಿ ನಡುಗಿದಾಗ ಆ ತೂಕಗಳೂ ಕುಣಿಯುತ್ತವೆ. ಅವುಗಳನ್ನು ಹಿಡಿದಿರುವ ತುಂಡು ಹಗ್ಗದ ಎಳೆಗಳು ಒಂದಕ್ಕೊಂದು ಉಜ್ಜಿ, ನಡುಕದ ಶಕ್ತಿಯನ್ನು ಬಿಸಿಯಾಗಿ ತಿಂದುಹಾಕುತ್ತವೆ. ಇಲ್ಲದಿದ್ದರೆ ಆ ಸಣ್ಣ ನಡುಕವೇ ವರ್ಷಾನುಗಟ್ಟಲೆ ನಡೆದು, ಹಿಡಿಕೆಯ ಹತ್ತಿರ ತಂತಿಯ ಒಂದೊಂದೇ ಎಳೆ ತುಂಡಾಗುತ್ತಿತ್ತು. ಇದಕ್ಕೆ ಲೋಹದ ಆಯಾಸ ಎನ್ನುತ್ತಾರೆ. ನಮ್ಮ ಶಾಲೆಯ ಶೀಟು ಸೆಕೆಂಡಿಗೆ 10 ಸಲ ಅದುರಿತು ಎಂದಿಟ್ಟುಕೊಳ್ಳಿ. ಗಂಟೆಗೆ 36,000 ಸಲ. ಐದು ಗಂಟೆಯ ಶಾಲೆಗೆ 1,80,000 ಸಲ. ಒಂದು ಕಬ್ಬಿಣದ ತಂತಿಯನ್ನು ಹತ್ತಿಪ್ಪತ್ತು ಸಲ ಅತ್ತಿತ್ತ ಬಗ್ಗಿಸಿದರೆ ಮುರಿಯುವುದನ್ನು ನೀವೇ ಮಾಡಿ ನೋಡಿದ್ದೀರಿ. ಶೀಟಿನ ಬಾಗು ಅದಕ್ಕಿಂತ ಬಹಳ ಚಿಕ್ಕದು, ಆದರೆ ಎಣಿಕೆ ದೊಡ್ಡದು.

ಮೂರನೆಯ ಉತ್ತರ ಎಲ್ಲಕ್ಕಿಂತ ಅಪಾಯದ್ದು. ಕೆಲವೊಮ್ಮೆ ವಸ್ತು ಅಲುಗಿದ್ದರಿಂದಲೇ ಗಾಳಿಯ ದಾರಿ ಬದಲಾಗಿ, ಆ ಬದಲಾವಣೆ ವಸ್ತುವನ್ನು ಇನ್ನಷ್ಟು ಅಲುಗಿಸುತ್ತದೆ. ಅಲುಗಿದಷ್ಟೂ ಗಾಳಿಯಿಂದ ಶಕ್ತಿ ಹೀರಿಕೊಳ್ಳುತ್ತದೆ. ಅಮೆರಿಕದ ಟಕೋಮಾ ನ್ಯಾರೋಸ್ ತೂಗುಸೇತುವೆ 1940ರ ಜುಲೈ 1ರಂದು ಸಂಚಾರಕ್ಕೆ ತೆರೆಯಿತು. ನಡುವಿನ ಅಂಕಣವೇ 853 ಮೀಟರ್. ಮೊದಲಿನಿಂದಲೂ ಅದು ಗಾಳಿಗೆ ಏಳುತ್ತ ಬೀಳುತ್ತ ಇತ್ತು. ಜನ ಅದಕ್ಕೊಂದು ಅಡ್ಡಹೆಸರಿಟ್ಟು, ಮೋಜಿಗಾಗಿ ಕಾರಿನಲ್ಲಿ ಹೋಗಿ ಬರುತ್ತಿದ್ದರು. ನವೆಂಬರ್ 7ರಂದು ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದ ಗಾಳಿಗೆ ಸೇತುವೆ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ನೀರಿಗೆ ಬಿತ್ತು. ಅದಕ್ಕಿಂತ ಜೋರಾದ ಗಾಳಿಯನ್ನೂ ತಡೆಯುವಂತೆಯೇ ಅದನ್ನು ಕಟ್ಟಿದ್ದರು. ಆದರೆ ಅದರ ಬದಿಗಳು ತೂತಿಲ್ಲದ ಹಲಗೆಯಂಥ ಉಕ್ಕಿನ ಗೋಡೆಗಳು, ಮೈ ತೆಳುವು. ತಿರುಚಿದ ಮೈಯೇ ಗಾಳಿಯಿಂದ ಬಲ ಪಡೆಯಿತು. 1950ರಲ್ಲಿ ಕಟ್ಟಿದ ಹೊಸ ಸೇತುವೆಯ ಬದಿಗಳನ್ನು ಗಾಳಿ ನುಗ್ಗಿ ಹೋಗುವ ಜಾಲರಿಯಂತೆ ಮಾಡಿದರು. ನಾಲ್ಕು ತಿಂಗಳು ಸೇತುವೆ ಕುಣಿದು ಕುಣಿದು ಹೇಳಿದ್ದನ್ನು ಮೋಜೆಂದುಕೊಂಡವರ ಪಾಠ ಇದು. ನಾನು ಅವರನ್ನು ನೋಡಿ ನಗಲಾರೆ. ನನ್ನ ತಲೆಯ ಮೇಲೂ ಒಂದು ಶೀಟು ಕುಣಿದಿತ್ತು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನನ್ನ ಅಬ್ಬಾ ಈ ಭಾಗದ ಒಂದು ರೈಸ್‌ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಭತ್ತದ ಸೀಮೆಯಲ್ಲಿ ಹುಟ್ಟಿದ ನಿಮಗೆ ಮಿಲ್ಲು ಹೊಸದಲ್ಲ. ಹೊಟ್ಟನ್ನು ಅಕ್ಕಿಯಿಂದ ಬೇರ್ಪಡಿಸಿ ಹೊರಗೆ ಎಸೆಯುವುದು ಬ್ಲೋಯರ್ ಗಾಳಿ. ಆ ಗಾಳಿ ಹೋಗುವುದು ತಗಡಿನ ದೊಡ್ಡ ಕೊಳವೆಯಲ್ಲಿ. ಕೊಳವೆ 30 ಸೆಂಟಿಮೀಟರ್ ಅಗಲ, ಗಾಳಿ ಸೆಕೆಂಡಿಗೆ 20 ಮೀಟರ್ ವೇಗ ಎಂದು ಹಿಡಿದು ನಾನು ಲೆಕ್ಕ ಹಾಕಿದೆ. ರೆನಾಲ್ಡ್ಸ್ ಸಂಖ್ಯೆ ಸುಮಾರು 4 ಲಕ್ಷ ಬಂತು! 2,000ಕ್ಕೇ ಶಾಂತಿ ಕೆಡುವ ಹರಿವು 4 ಲಕ್ಷಕ್ಕೆ ಏನಾಗಿರಬೇಡ? ಕೊಳವೆಯ ಗೋಡೆಯ ಮೇಲೆ ಒಳಗಿನಿಂದ ಸುಳಿಗಳ ಬಡಿತ ಒಂದೇ ಸಮ ನಡೆದಿರುತ್ತದೆ. ಮೊಣಕೈಯಂತೆ ತಿರುಗುವ ಕಡೆಯಂತೂ ಸದ್ದು ಅತಿ ಹೆಚ್ಚು.

ಅಬ್ಬಾ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕೊಳವೆ ಬಡಿದುಕೊಳ್ಳತೊಡಗಿದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಚಪ್ಪಟೆ ತಗಡಿನ ಮೇಲೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ ಮಡಿಕೆ ಹಾಕುತ್ತಿದ್ದರು. ಇಲ್ಲವೇ ಹೊರಗಿನಿಂದ ಒಂದು ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದರು. ಮಡಿಕೆ ಬಿದ್ದ ತಗಡು ಬಿಗಿಯಾಗುತ್ತದೆ, ಅದರ ಲಯ ಬದಲಾಗುತ್ತದೆ, ಬಡಿತಕ್ಕೆ ಮೊದಲಿನಷ್ಟು ಓಗೊಡುವುದಿಲ್ಲ. ಬ್ಲೋಯರಿಗೂ ಕೊಳವೆಗೂ ನಡುವೆ ಕ್ಯಾನ್‌ವಾಸ್ ಬಟ್ಟೆಯ ತುಂಡು ಸೇರಿಸುತ್ತಿದ್ದರು. ಯಂತ್ರದ ನಡುಕ ಅಲ್ಲಿಗೇ ನಿಲ್ಲುತ್ತಿತ್ತು. ಚೂಪು ತಿರುವನ್ನು ಕಡಿದು ಉದ್ದನೆಯ ತಿರುವು ಮಾಡುತ್ತಿದ್ದರು. ಹರಿವು ಅಷ್ಟರಮಟ್ಟಿಗೆ ಶಾಂತವಾಗುತ್ತಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, "ಇನ್ನು ಹದಿನೈದು ದಿನ ಬರ್ತದೆ ಇದು" ಎನ್ನುತ್ತಿದ್ದರು. ಹರಿವನ್ನು ಸಮಾಧಾನ ಮಾಡು, ವಸ್ತುವನ್ನು ಬಿಗಿ ಮಾಡು, ನಡುಕವನ್ನು ಹೀರಿಕೊಳ್ಳುವ ವಸ್ತುವನ್ನು ನಡುವೆ ಇಡು. ದೊಡ್ಡ ದೊಡ್ಡ ಎಂಜಿನಿಯರುಗಳ ಪುಸ್ತಕದಲ್ಲಿರುವ ಮೂರು ಉಪಾಯಗಳೂ ಅವರ ಕೈಯಲ್ಲಿದ್ದವು.

ಯಂತ್ರದ ಮಾತನ್ನು ಕೇಳಿಸಿಕೊಂಡ ಆ ಕಿವಿಗಳನ್ನು ಆ ಸದ್ದೇ ತಿಂದಿತು. ಮಿಲ್ಲಿನಲ್ಲಿ ಕಿವಿಗೆ ಹತ್ತಿಯನ್ನೂ ಇಟ್ಟುಕೊಂಡವರಿರಲಿಲ್ಲ. ಐವತ್ತು ದಾಟುವ ಮೊದಲೇ ಅಬ್ಬಾಗೆ ಕೇಳಿಸುವುದು ಕಡಿಮೆಯಾಯಿತು. ಒಂದು ಸಲ ನಾನು ಹೊರಡುವಾಗ "ಶಾಮ್ ಕು ಆತೂಂ ಅಬ್ಬಾ" ಎಂದೆ. ಅವರು "ಈ ಕಾಲದಲ್ಲಿ ಆಮ್ ಎಲ್ಲಿ ಸಿಗುತ್ತೆ ಬೇಟಾ?" ಎಂದರು. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ತಿಳಿಯಿತು, ಅದು ನಗುವ ವಿಷಯವಲ್ಲ. ಯಂತ್ರದ ಸದ್ದಿಗೆ ಮೊದಲು ಸಾಯುವುದು ಕಿವಿಯಲ್ಲಿ ಮೇಲಿನ ಸ್ವರಗಳನ್ನು ಹಿಡಿಯುವ ಭಾಗ, 4,000 ಹರ್ಟ್ಸ್‌ನ ಸುತ್ತಮುತ್ತ. ನಮ್ಮ ಮಾತಿನ 'ಸ', 'ಶ', 'ಫ' ಮುಂತಾದ ಅಕ್ಷರಗಳು ಬದುಕಿರುವುದು ಅಂಥ ಮೇಲಿನ ಸ್ವರಗಳಲ್ಲೇ. 'ಶಾಮ್' ಹೋಗಿ 'ಆಮ್' ಉಳಿಯಿತು. ಯಾರೋ ಮಾತಾಡುತ್ತಿದ್ದಾರೆ ಎಂಬುದು ಕೇಳಿಸುತ್ತದೆ, ಏನು ಮಾತಾಡುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಅಬ್ಬಾ ಮೆಲ್ಲಗೆ ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟರು. ಫಜ್ರ್‌ಗೆ ಎದ್ದು ಕುಳಿತು, "ಅಜಾನ್ ಆಯ್ತಾ?" ಎಂದು ಅಮ್ಮಿಯನ್ನು ಕೇಳುತ್ತಿದ್ದರು. ನನಗೆ ಅಕ್ಷರ ಕಲಿಸಲು ಹಣ ಕೊಟ್ಟ ಮನುಷ್ಯ ಅಕ್ಷರಗಳನ್ನೇ ಒಂದೊಂದಾಗಿ ಕಳೆದುಕೊಂಡರು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ನಾನಾ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣದವರಾದ ನಮಗೆ ಅದು ಒಂದು ಬಸ್ಸಿನ ದೂರ. ನಾವು ಅಬ್ಬಾರನ್ನು ಕರೆದುಕೊಂಡು ಹೋದದ್ದು ಬಹಳ ತಡವಾಗಿ. ಸದ್ದಿನಿಂದ ಸತ್ತ ಕಿವಿಯ ರೋಮಕೋಶಗಳು ಮತ್ತೆ ಹುಟ್ಟುವುದಿಲ್ಲ. ತಜ್ಞರು ಹೇಳುವ ಲೆಕ್ಕ ನೆನಪಿಡಿ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು. ಮೇಲೆ ಪ್ರತಿ 3 ಡೆಸಿಬಲ್ ಏರಿದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಮಿಲ್ಲು, ಗ್ಯಾರೇಜು, ವೆಲ್ಡಿಂಗ್, ಮರಗೆಲಸದ ಯಂತ್ರ. ನಮ್ಮ ಸಮುದಾಯದ ಬಹಳಷ್ಟು ಗಂಡಸರು ದುಡಿಯುವುದು ಇಂಥ ಕಡೆಗಳಲ್ಲೇ. ಇಲ್ಲಿ ಕುಳಿತಿರುವ ಅಣ್ಣತಮ್ಮಂದಿರಲ್ಲಿ ಕೈಮುಗಿದು ಕೇಳುತ್ತೇನೆ, ಕಿವಿಗೆ ಹಾಕುವ ಪ್ಲಗ್ಗಿಗೆ ನಾಚಿಕೊಳ್ಳಬೇಡಿ.

ಮಕ್ಕಳೇ, ಈಗ ನಿಮ್ಮನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ. ಅಬ್ಬಾರ ತಗಡಿನ ಕೊಳವೆಯನ್ನು ಒಳಹೊರಗು ಮಾಡಿ ನೋಡಿ. ಗಾಳಿ ಹೊರಗೆ, ಮನುಷ್ಯರು ಒಳಗೆ. ಅದೇ ವಿಮಾನ. ಅದರ ಮೈ ಒಂದೆರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು. ವಿಮಾನ ಹಾರುವಾಗ ಆ ಮೈಗೆ ಅಂಟಿಕೊಂಡಂತೆ ಒಂದು ತೆಳುವಾದ ಪ್ರಕ್ಷುಬ್ಧ ಪದರ ಹರಿಯುತ್ತದೆ. ಅದರ ಸುಳಿಗಳು ತಗಡನ್ನು ಬಡಿಯುತ್ತವೆ. ಮೇಲೆ ಒಂದೇ ವೇಗದಲ್ಲಿ ಹಾರುತ್ತಿರುವಾಗ ಒಳಗೆ ಕೇಳಿಸುವ ಮೊರೆತದಲ್ಲಿ ಎಂಜಿನ್ನಿನ ಪಾಲಿನ ಜೊತೆಗೆ ಈ ಬಡಿತದ ಪಾಲೂ ದೊಡ್ಡದು. ಎಂಜಿನ್ನಿನ ಬಾಯಿಂದ ನುಗ್ಗುವ ಗಾಳಿಯ ಸದ್ದಿನ ಲೆಕ್ಕವನ್ನು 1952ರಲ್ಲಿ ಜೇಮ್ಸ್ ಲೈಟ್‌ಹಿಲ್ ಕಂಡುಹಿಡಿದರು. ಆ ಗಾಳಿಯ ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ 256 ಪಟ್ಟು! ವೇಗವನ್ನು ನೂರಕ್ಕೆ ಹತ್ತರಷ್ಟು ಇಳಿಸಿದರೂ ಆ ಶಕ್ತಿ ಅರ್ಧಕ್ಕಿಂತ ಕೆಳಗೆ ಬರುತ್ತದೆ.

ಗೋಡೆಗೆ ಅಂಟಿ ಹರಿಯುವ ಈ ಪದರದ ಅಧ್ಯಯನಕ್ಕೆ ಭಾರತದಲ್ಲಿ ತಳಪಾಯ ಹಾಕಿದವರು ಸತೀಶ್ ಧವನ್. ಶ್ರೀನಗರದಲ್ಲಿ 1920ರಲ್ಲಿ ಹುಟ್ಟಿದ ಅವರು ಗಣಿತ, ಭೌತಶಾಸ್ತ್ರ ಓದಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಆಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದವರು. ಸಾಹಿತ್ಯ ಓದಿದವರಿಗೆ ವಿಜ್ಞಾನ ಏಕೆ ಎನ್ನುವವರು ಇದನ್ನು ಗಮನಿಸಬೇಕು. ಅಮೆರಿಕದಲ್ಲಿ ಸಂಶೋಧನೆ ಮಾಡುವಾಗ ಅವರು ಗೋಡೆಯ ಒಂದು ಸಣ್ಣ ತುಂಡನ್ನು ಮಾತ್ರ ಅಲುಗುವಂತೆ ಬಿಡಿಯಾಗಿಟ್ಟು, ಹರಿಯುವ ಗಾಳಿ ಅದನ್ನು ಎಷ್ಟು ಎಳೆಯುತ್ತದೆಂದು ನೇರವಾಗಿ ಅಳೆದರು. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, 1962ರಲ್ಲಿ ಅದರ ನಿರ್ದೇಶಕರಾದರು. 1972ರಿಂದ ಇಸ್ರೋವನ್ನೂ ಮುನ್ನಡೆಸಿದರು. ಅವರ ಶಿಷ್ಯರು ಬೆಂಗಳೂರಿನವರೇ ಆದ ರೊದ್ದಂ ನರಸಿಂಹ. ಶಾಂತ ಹರಿವು ಒಮ್ಮೆಲೇ ಪ್ರಕ್ಷುಬ್ಧವಾಗುವುದಿಲ್ಲ, ಅಲ್ಲಲ್ಲಿ ಚುಕ್ಕೆಗಳಂತೆ ಗೊಂದಲ ಹುಟ್ಟಿ, ಬೆಳೆದು, ಕೂಡಿಕೊಳ್ಳುತ್ತದೆ ಎಂದು ಆಗ ಗೊತ್ತಾಗಿತ್ತು. ಆ ಚುಕ್ಕೆಗಳ ಲೆಕ್ಕವನ್ನು 1957ರಲ್ಲಿ ಸರಿಯಾಗಿ ಹಿಡಿದುಕೊಟ್ಟವರಲ್ಲಿ ನರಸಿಂಹ ಪ್ರಮುಖರು. ಆಗ ಅವರ ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. 1984ರಿಂದ 1993ರವರೆಗೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. 2020ರಲ್ಲಿ ತೀರಿಕೊಂಡರು.

ಅದೇ ಪ್ರಯೋಗಾಲಯದಲ್ಲಿ ಸದ್ದಿನದೇ ಒಂದು ದೊಡ್ಡ ಪರೀಕ್ಷಾ ಕೋಣೆಯಿದೆ. ರಾಕೆಟ್ ಏಳುವಾಗ ಅದರ ಬುಡದಿಂದ ನುಗ್ಗುವ ಅನಿಲದ ಸದ್ದೇ ರಾಕೆಟ್ಟಿನ ತಲೆಯಲ್ಲಿರುವ ಉಪಗ್ರಹವನ್ನು ನಡುಗಿಸಿ ಕೆಡಿಸಬಲ್ಲದು. ಆದ್ದರಿಂದ ಹಾರಿಸುವ ಮೊದಲೇ ಇಂಥ ಕೋಣೆಯಲ್ಲಿ ಭಾಗಗಳನ್ನು ಇಟ್ಟು, ಕಹಳೆಯಂಥ ಬಾಯಿಗಳಿಂದ 150 ಡೆಸಿಬಲ್ಲಿಗೂ ಮಿಕ್ಕಿದ ಸದ್ದು ಬಿಟ್ಟು ಪರೀಕ್ಷಿಸುತ್ತಾರೆ. ಯಾವ ಸ್ಕ್ರೂ ಸಡಿಲವಾಯಿತು, ಯಾವ ತಗಡು ಬಿರುಕು ಬಿಟ್ಟಿತು ಎಂದು ನೆಲದ ಮೇಲೆಯೇ ತಿಳಿಯುತ್ತದೆ. ನಾನು ಶಾಲೆಯಲ್ಲಿ ಮಾಡದೆ ಬಿಟ್ಟ ಕೆಲಸ ಇದೇ.

ರಾಕೆಟ್ಟಿನ ಮಾತು ಬಂದಾಗ ನಮಗೆ ಶ್ರೀರಂಗಪಟ್ಟಣ ನೆನಪಾಗದೆ ಇರುತ್ತದೆಯೇ? ಹೈದರ್ ಅಲಿ, ಟಿಪ್ಪು ಸುಲ್ತಾನರ ಸೈನ್ಯ ಬಿದಿರಿನ ಕೋಲಿಗೆ ಕಟ್ಟಿದ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಹಾರಿಸಿತು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಒಂದು ಹಳೆಯ ಬಾವಿಯಿಂದ ಅಂಥ ಸಾವಿರದಷ್ಟು ರಾಕೆಟ್ ಕೊಳವೆಗಳು ಸಿಕ್ಕವು. ಪ್ರಕ್ಷುಬ್ಧತೆಯ ಪಂಡಿತರಾದ ರೊದ್ದಂ ನರಸಿಂಹರೇ 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಒಂದು ಪ್ರಬಂಧ ಬರೆದರು. ಮೈಸೂರಿನ ರಾಕೆಟ್ಟುಗಳನ್ನು ಇಂಗ್ಲೆಂಡಿನ ವೂಲ್ವಿಚ್‌ಗೆ ಒಯ್ದರು. ವಿಲಿಯಂ ಕಾಂಗ್ರೀವ್ ಮದ್ದಿನ ಪ್ರಮಾಣ, ಕೋಲಿನ ಉದ್ದ, ಹಾರಿದ ದೂರ ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸಿ, ಅಳೆದು, ಪುಸ್ತಕವಾಗಿ ಅಚ್ಚು ಹಾಕಿಸಿದ. ನಮ್ಮ ಕುಶಲಕರ್ಮಿಗಳ ಕೈಯಲ್ಲಿದ್ದ ವಿದ್ಯೆ ಅವರ ಕೈಯೊಂದಿಗೇ ಹೋಯಿತು. ಟಿಪ್ಪುವಿನ ರಾಕೆಟ್ ಎಂದು ಎದೆ ತಟ್ಟಿಕೊಳ್ಳುವುದು ಸುಲಭ. ಆ ಕೊಳವೆ ಬಡಿದ ಕಮ್ಮಾರನ ಹೆಸರು ನಮಗೆ ಗೊತ್ತಿಲ್ಲ. ನನ್ನ ಅಬ್ಬಾರ ಮಡಿಕೆಯ ವಿದ್ಯೆಯೂ ಎಲ್ಲೂ ಬರೆದಿಲ್ಲ. ಇವತ್ತು ಈ ಸಂಚಿಕೆಯಲ್ಲಿ ಅಚ್ಚಾಗಲಿ ಎಂದೇ ಇಷ್ಟು ವಿವರವಾಗಿ ಹೇಳಿದೆ.

ಇನ್ನು ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಎಸ್ಸೆಸ್ಸೆಲ್ಸಿ ಆದಮೇಲೆ ಅವನು ಓದು ಬಿಟ್ಟ. ಕೆಲವು ವರ್ಷಗಳ ನಂತರ ಗೇಟಿನ ಕೆಲಸಕ್ಕೆಂದು ಒಂದು ವೆಲ್ಡಿಂಗ್ ಅಂಗಡಿಗೆ ಹೋದಾಗ ಕಂಡ. ಗುರುತು ಹಿಡಿದು ಸ್ಟೂಲು ಹಾಕಿದ, ಚಹ ತರಿಸಿದ. ನಾನು, "ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ ಕಣೋ" ಎಂದು ಸುಳಿಯ ಕಥೆಯನ್ನೆಲ್ಲ ಹೇಳಿದೆ. ಶ್ರದ್ಧೆಯಿಂದ ಕೇಳಿದ. ಆಮೇಲೆ, "ನಾನು ಶೀಟು ಹಾಕೋವಾಗ ಅಂಚಿನ ಸಾಲಿಗೆ ಬೋಲ್ಟು ಹತ್ತಿರ ಹತ್ತಿರ ಹಾಕ್ತೀನಿ ಟೀಚರ್, ರಬ್ಬರ್ ವಾಷರ್ ಇಲ್ಲದೆ ಕೂರ್ಸಲ್ಲ. ಗಾಳಿ ಮೊದಲು ಕೈ ಹಾಕೋದೇ ಅಂಚಿಗೆ" ಎಂದ. ಅವನು ಪುಸ್ತಕವಿಲ್ಲದೆ ಅಲ್ಲಿಗೆ ತಲುಪಿದ್ದ. ನಾನು ಅಂದು "ಒಳ್ಳೆಯ ಪ್ರಶ್ನೆ, ವಿಜ್ಞಾನ ಮಾಸ್ತರರನ್ನು ಕೇಳೋಣ ಬಾ" ಎಂದಿದ್ದರೆ ಅವನು ಪಾಲಿಟೆಕ್ನಿಕ್ಕಿನ ಬಾಗಿಲನ್ನಾದರೂ ನೋಡುತ್ತಿದ್ದನೋ ಏನೋ. ಅವನು ನನ್ನನ್ನು ದೂರಲಿಲ್ಲ. ಆದರೆ ಆ ಚಹ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ಮೂರು ಬಿನ್ನಹಗಳು. ಒಂದು, ನಮ್ಮ ಶಾಲೆ, ಮದರಸಾ, ಹಾಸ್ಟೆಲುಗಳ ಶೀಟಿನ ಸೂರುಗಳನ್ನು ಪ್ರತಿ ವರ್ಷ ಆಷಾಢಕ್ಕೆ ಮೊದಲೇ ಒಮ್ಮೆ ಪರೀಕ್ಷೆ ಮಾಡಿಸಿ. ಖರ್ಚು ಕೆಲವು ಬೋಲ್ಟು, ವಾಷರುಗಳದು. ಎರಡು, ಮಿಲ್ಲು, ಗ್ಯಾರೇಜುಗಳಲ್ಲಿ ದುಡಿಯುವವರಿಗಾಗಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಯ ಶಿಬಿರ ಏರ್ಪಡಿಸಿ. ಮೂರು, ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ಕೆಲಸಕ್ಕೆ ಸೇರಿದ ಹುಡುಗರ ಪಟ್ಟಿ ಮಾಡಿ. ಐ.ಟಿ.ಐ., ಡಿಪ್ಲೊಮಾಗೆ ಮತ್ತೆ ಸೇರಲು ಸಹಾಯ ಮಾಡಿ. ಅವರ ಕೈಗೆ ವಿದ್ಯೆ ಆಗಲೇ ಬಂದಿದೆ, ಹೆಸರು ಮಾತ್ರ ಕಲಿಸಬೇಕು.

ವಿದ್ಯಾರ್ಥಿಗಳಿಗೆ ಒಂದೇ ಮಾತು. ಮನೆಗೆ ಹೋಗುವಾಗ ಬಸ್ಸಿನ ಕಿಟಕಿ ಗಡಗಡ ಅನ್ನುತ್ತದೆ. ಕಿಟಕಿಗೆ ಬೆರಳು ಒತ್ತಿ ನೋಡಿ, ಸದ್ದು ನಿಲ್ಲುತ್ತದೆಯೇ? ಬಸ್ಸಿನ ವೇಗ ಬದಲಾದಾಗ ಸದ್ದು ಬದಲಾಗುತ್ತದೆಯೇ? ನೋಡಿದ್ದನ್ನು ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ನಿಮ್ಮ ಟೀಚರನ್ನು ಕೇಳಿ. ಅವರು ಗದರಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಬಹುಶಃ ಅವರಿಗೂ ಉತ್ತರ ಗೊತ್ತಿರುವುದಿಲ್ಲ. ಇನ್ನೊಮ್ಮೆ ಕೇಳಿ.